ಟ್ಯಾಂಕಿನ ಮೇಲಿನ ಮೂರು ಬೆರಳು

2023ರ ಏಪ್ರಿಲ್‌ನಲ್ಲಿ ನಾನು ದೋಹಾದ ಒಂದು ಕಾರ್ಗೋ ಕಂಪನಿಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್ ಆಗಿದ್ದೆ. ಮೈಸೂರು ಬಿಟ್ಟು ಇಪ್ಪತ್ತು ವರ್ಷ ದಾಟಿತ್ತು. ಪಿಯಾನೊ, ರೇಸ್ ಕಾರು, ಮದುವೆಯ ಮಂಚ, ಏನು ಕೊಟ್ಟರೂ ಪೆಟ್ಟಿಗೆಗೆ ಹಾಕಿಸಿ ಗಡಿ ದಾಟಿಸುವುದು ನನ್ನ ಕೆಲಸ. ಬಾಯಿ ಜೋರು ಎಂದು ಹೆಸರಾಗಿದ್ದೆ. ಜೋರಿಲ್ಲದಿದ್ದರೆ ಆ ಗೋಡೌನಿನಲ್ಲಿ ಒಂದು ಮೊಳೆಯೂ ನೆಟ್ಟಗೆ ಬೀಳುತ್ತಿರಲಿಲ್ಲ.

ಒಂದು ಬೆಳಗ್ಗೆ ಸಂಗಣ್ಣ ಎಂಬವರು ಕಪ್ಪು ಬಣ್ಣದ ದೊಡ್ಡ ಮೋಟಾರ್ ಸೈಕಲ್ಲನ್ನು ಪಿಕಪ್‌ನಲ್ಲಿ ತಂದರು. ಇಳಕಲ್ ಕಡೆಯವರು, ಗ್ಯಾಸ್ ಪ್ಲಾಂಟ್ ಒಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್, ವಾಸ ದೋಹಾ ಪಕ್ಕದ ಅಲ್ ವಕ್ರಾದಲ್ಲಿ. ಗಾಡಿ ಕೆನಡಾಗೆ ಹೋಗಬೇಕಿತ್ತು. ಅಲ್ಲಿಂದ ಅವರೊಬ್ಬರೇ ಪ್ರೇರಿಯ ಬಯಲು ದಾಟಿ, ರಾಕಿ ಬೆಟ್ಟ ಹತ್ತಿಳಿದು, ಯುಕಾನ್ ಕಾಡಿನಾಚೆ ರಸ್ತೆ ಮುಗಿದು ಆರ್ಕ್‌ಟಿಕ್ ಸಮುದ್ರ ಸಿಗುವವರೆಗೆ ಓಡಿಸುವ ಯೋಜನೆ.

ಇಂಥ ಗಾಡಿ ಕಳಿಸುವಾಗ ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿ ವೈರ್ ಬಿಚ್ಚಬೇಕು. ಅದೆಲ್ಲ ಸುಲಭ. ಕಷ್ಟದ್ದು ತೊಳೆಯುವುದು. ಹೊರದೇಶದ ಮಣ್ಣಿನ ಜೊತೆ ಬೀಜ, ಹುಳು, ರೋಗ ಬಂದಾವೆಂದು ಕೆನಡಾದವರಿಗೆ ಭಯ. ಟೈರಿನ ಸಂದಿಯಲ್ಲಿ ಚೂರು ಮಣ್ಣು ಕಂಡರೂ ಗಾಡಿಯನ್ನು ತಡೆಯಬಹುದು, ವಾಪಸೂ ಕಳಿಸಬಹುದು. ವೀಸಾ ಸಿಕ್ಕಿತೆಂದು ಕುಣಿಯುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಬಂದರಿನ ತಪಾಸಣೆಗೆ ಹೇಳಿ ಮಾಡಿಸಿದ ಮಾತು.

ನಮ್ಮ ವಾಷಿಂಗ್ ನೋಡಿಕೊಳ್ಳುವ ಮಲಯಾಳಿ ಸಾಜು ‘ಯಲ್ಲಾ, ಯಲ್ಲಾ’ ಎಂದು ಅರಬ್ಬಿಯಲ್ಲಿ ಅವಸರ ಮಾಡುತ್ತಾ ನೀರಿನ ಪ್ರೆಶರ್ ಗನ್ ಹಿಡಿದು ಬಂದ. ಸಂಗಣ್ಣ ಗಾಡಿಗೆ ಅಡ್ಡ ನಿಂತರು.

“ಬೇಕಾರ ನನಗ ನೀರ ಹೊಡೀರಿ. ಟ್ಯಾಂಕಿಗೆ ಮಾತ್ರ ಹೊಡ್ಯಾಕ ಬಿಡಂಗಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. “ಏನ್ರೀ ಇದು, ಗಾಡಿ ಕಳಿಸ್ಬೇಕೋ ಬೇಡ್ವೋ? ನಾಳೆ ಅಲ್ಲಿ ತಡೆದ್ರೆ ನನ್ನನ್ನೇ ಬೈತೀರಾ!”

ಅವರು ಪಕ್ಕಕ್ಕೆ ಸರಿದು ತೋರಿಸಿದರು. ಕಪ್ಪು ಟ್ಯಾಂಕಿನ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಎಳೆದ ಬೆರಳುಗಳ ಸಣ್ಣ ಸಣ್ಣ ಗೀಟು ಕೂಡ ಹಾಗೇ ಉಳಿದಿತ್ತು.

“ನಮ್ಮಾಕಿ ಹಚ್ಚಿದ್ರೀ ಅಕ್ಕಾರ, ಆಯುಧ ಪೂಜಾಕ್ಕ. ಮರುವಾರ ಆಸ್ಪತ್ರಿಗೆ ಸೇರಿದ್ಲು. ಹೊಳ್ಳಿ ಮನಿಗೆ ಬರಲಿಲ್ಲ.”

ಆ ಪ್ರಯಾಣ ಇಬ್ಬರದೂ ಆಗಿತ್ತಂತೆ. ಶುಕ್ರವಾರ ಬಂದರೆ ಗಂಡನ ಹಿಂದೆ ಕೂತು ಮರಳುಗಾಡಿನ ರಸ್ತೆ ಸುತ್ತುತ್ತಿದ್ದ ನೀಲಮ್ಮ, ಯಾವುದೋ ವಿಡಿಯೋದಲ್ಲಿ ಆ ತುದಿಯ ಸಮುದ್ರ ನೋಡಿ, ‘ಅಲ್ಲಿಮಟ ನನ್ನ ಕರಕೊಂಡು ಹೋಗ್ರಿ’ ಎಂದು ಗಂಟು ಬಿದ್ದಿದ್ದರು. ನೀಲಮ್ಮ ತೀರಿಕೊಂಡ ಮೇಲೆ ಸಂಗಣ್ಣ ಗಾಡಿ ಮುಟ್ಟಿರಲಿಲ್ಲ. ಬಟ್ಟೆ ಮುಚ್ಚಿ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದರು. ಅವರ ಪಾಲಿಗೆ ಹೆಂಡತಿ ಆ ಮೂರು ಗೆರೆಯಲ್ಲೇ ಉಳಿದಿದ್ದರು.

ಸಾಜುವಿಗೆ ನೀರು ನಿಲ್ಲಿಸು ಎಂದೆ. ತಪಾಸಣೆಯವರು ಹುಡುಕುವುದು ಮಣ್ಣನ್ನು, ವಿಭೂತಿಯನ್ನಲ್ಲ. ಆದರೆ ದೂರದಿಂದ ನೋಡುವವರಿಗೆ ಎರಡೂ ಒಂದೇ ಥರ ಕಂಡರೆ? ವಿಭೂತಿಗೆ ತಾಗದಂತೆ ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕೊಂಚ ಉಬ್ಬಿಸಿ ಇಟ್ಟು, ನಾಲ್ಕು ಅಂಚಿಗೂ ಟೇಪ್ ಬಿಗಿದೆ. ‘ಇದು ಪೂಜೆಯ ಗುರುತು, ಮಣ್ಣಲ್ಲ’ ಎಂದು ಇಂಗ್ಲಿಷ್‌ನಲ್ಲಿ ಬರೆದು ಫೋಟೋ ಸಮೇತ ಲಗತ್ತಿಸಿದೆ. ಉಳಿದ ಭಾಗವನ್ನು ನಮ್ಮವರು ಗನ್ ಬಳಸದೆ ಕೈಯಲ್ಲೇ ತೊಳೆದರು. ಸಂಗಣ್ಣ ಹಲ್ಲುಜ್ಜುವ ಬ್ರಷ್ ಹಿಡಿದು, ನೆಲದ ಮೇಲೆ ಕೂತು ಟೈರಿನ ಸಂದಿಸಂದಿ ಉಜ್ಜಿದರು. ನಾಳೆ ಏನಾಗುತ್ತದೋ ಎಂಬ ಹೆದರಿಕೆ ನನಗೂ ಇತ್ತು. ದೇವರ ದಯೆ, ಕೆನಡಾದ ತಪಾಸಣೆಯಲ್ಲಿ ಗಾಡಿ ಪಾಸಾಯಿತು.

ಆಮೇಲೆ ನನ್ನ ಫೋನಿಗೆ ಅವರ ವಾಯ್ಸ್ ಮೆಸೇಜ್ ಬರತೊಡಗಿದವು.

“ಅಕ್ಕಾರ, ಇಲ್ಲಿ ಎತ್ಲಾಗ ನೋಡಿದ್ರೂ ಗೋದಿ. ಆಕಿ ಇದ್ದಿದ್ರ, ‘ಇಷ್ಟೆಲ್ಲಾ ಯಾರ್ ರಾಶಿ ಮಾಡ್ತಾರ್ರೀ’ ಅಂತ ಕೇಳತಿದ್ಲು.”

ಬೆಟ್ಟದಿಂದ ಇನ್ನೊಂದು: “ಬ್ರೇಕ್ ಹಿಡದಾಗೊಮ್ಮೆ ಆಕಿ ನನ್ನ ಬೆನ್ನಿಗೆ ಡಿಕ್ಕಿ ಹೊಡದು ಬೈತಿದ್ಲು. ಈಗ ಬ್ರೇಕ್ ಹಿಡ್ಯಾಕ ಮನಸ ಬರವಲ್ದು.”

ಊಟದ ಬಿಡುವಿನಲ್ಲಿ ಅದನ್ನು ಕೇಳಿ, ಡಬ್ಬಿ ಮುಚ್ಚಿಟ್ಟು ಅತ್ತುಬಿಟ್ಟೆ. ಅವರು ಕಳಿಸಿದ ಪ್ರತಿ ಫೋಟೋದಲ್ಲೂ ನಾನು ಮೊದಲು ನೋಡುತ್ತಿದ್ದುದು ಟ್ಯಾಂಕನ್ನು. ಪ್ಲಾಸ್ಟಿಕ್ ಒಳಗೆ ಮೂರು ಗೆರೆ ಭದ್ರವಾಗಿದ್ದವು. ಯುಕಾನ್ ದಾಟಿದ ಮೇಲೆ ಮೆಸೇಜ್ ಬರುವುದು ನಿಂತಿತು.

ಚಳಿಗಾಲ ಶುರುವಾದಾಗ ಗಾಡಿ ಹಡಗಿನಲ್ಲಿ ಹಿಂದಿರುಗಿತು. ಪೆಟ್ಟಿಗೆಯನ್ನು ಸಂಗಣ್ಣನವರ ಎದುರಿಗೇ ಒಡೆಸಿದೆ. ಚಕ್ರದಿಂದ ಹ್ಯಾಂಡಲ್‌ವರೆಗೆ ಒಣಗಿದ ಕೆಸರು. ಟ್ಯಾಂಕ್ ನೋಡಿದೆ. ಹಾಳೆ ಇಲ್ಲ, ಗೆರೆಯೂ ಇಲ್ಲ.

“ಅಯ್ಯೋ ದೇವ್ರೇ, ಯಾರ್ರೀ ಅಳಿಸಿದ್ದು? ಯಾವ ಬಂದರಲ್ಲಿ? ಹೇಳಿ, ಈಗ್ಲೇ ಬರೀತೀನಿ ಅವ್ರಿಗೆ!”

“ಯಾರೂ ಅಳಿಸಿಲ್ರೀ ಅಕ್ಕಾರ. ನಾನ ಹಾಳಿ ಕಿತ್ತೆ.” ಅವರು ಟ್ಯಾಂಕಿನ ಮೇಲೆ ಕೈಯಿಟ್ಟರು. “ರಸ್ತಾ ಮುಗದಿತ್ತು. ಮುಂದ ಬರೇ ನೀರು. ಸಣ್ಣಗ ಮಳಿ ಹತ್ತಿತ್ತು. ಇಲ್ಲಿಮಟ ಬಂದೂ ಆಕಿನ್ನ ಪ್ಲಾಸ್ಟಿಕ್ ಒಳಗ ಕೂಡಿಸಿ ಇಟಗೊಂಡೀನಲ್ಲ ಅನಿಸ್ತು. ‘ಬಂತು ನೋಡ, ಇಳಿ’ ಅಂದೆ. ಮೊದಲ ಕುಂಕುಮ ಹೋತು, ಆಮ್ಯಾಲೆ ಒಂದೊಂದ ಗೆರಿ. ನಿಂತ ನೋಡಿದೆ. ಹೊಳ್ಳಿ ಬರೂಮುಂದ ಗಾಡಿ ಭಾಳ ಹಗುರ ಆಗಿತ್ರೀ.”

ಇಷ್ಟು ಹೇಳಿ ಮಗುವಿನ ಹಾಗೆ ಅತ್ತರು.

ಬಂದ ಗಾಡಿಯನ್ನು ತೊಳೆದೇ ಒಪ್ಪಿಸುವುದು ನಮ್ಮಲ್ಲಿಯ ರೂಢಿ. ಸಾಜು ಗನ್ ಹಿಡಿದು ಬಂದವನು ನಮ್ಮಿಬ್ಬರನ್ನು ನೋಡಿ ನಿಂತ. ಸಂಗಣ್ಣ ಕಣ್ಣೊರೆಸಿಕೊಂಡು ತಾವೇ ಪಕ್ಕಕ್ಕೆ ಸರಿದರು. “ತೊಳಿಯಪಾ,” ಎಂದರು.

‘ಕ್ಲೀನ್ ಇಲ್ಲದ್ದು ಗಡಿ ದಾಟೋದಿಲ್ಲ’ ಎಂದು ಹೊಸಬರಿಗೆಲ್ಲ ಪಾಠ ಹೇಳಿಕೊಂಡು ಬಂದವಳು ನಾನು. ಈಗಲೂ ಹೇಳುತ್ತೇನೆ. ಆದರೆ ನೀರು ಬಿಡುವ ಮೊದಲು, ಇದರಲ್ಲಿ ಉಳಿಸಬೇಕಾದ್ದು ಏನಾದರೂ ಇದೆಯಾ ಎಂದು ಗಾಡಿಯವರನ್ನು ಕೇಳುವುದನ್ನು ಸಂಗಣ್ಣನವರ ಗಾಡಿ ನನಗೆ ಕಲಿಸಿತು. ಹೆಚ್ಚಿನವರು ನಕ್ಕು, ಏನಿಲ್ಲ ಎನ್ನುತ್ತಾರೆ. ಎಲ್ಲೋ ಒಬ್ಬರು ಗಾಡಿಯನ್ನೇ ನೋಡುತ್ತಾ ನಿಲ್ಲುತ್ತಾರೆ. ಆಗ ನಾನು ಸಾಜುವಿಗೆ ಕೈಸನ್ನೆ ಮಾಡುತ್ತೇನೆ. ಅವನು ನಲ್ಲಿ ಮುಚ್ಚಿ ಕಾಯುತ್ತಾನೆ.