ಅರವತ್ಮೂರು ಹೆಚ್.ಪಿ. ಗಾಡಿ ಏರು ಹತ್ತಿದ್ದು

ನಮ್ಮ ಪಂಚನಹಳ್ಳಿ ಕಡೆ ಹೆಚ್.ಪಿ. ಎಂದರೆ ಬೋರ್‌ವೆಲ್ ಮೋಟಾರಿನ ಮಾತು. ನಮ್ಮದು ಏಳೂವರೆ, ಪಕ್ಕದ ತೋಟದ್ದು ಹತ್ತು. ಹಾಗಾಗಿ ಅಕ್ಕ ಹಳೆಯ ಡೀಸೆಲ್ ಪಿಕಪ್ಪೊಂದನ್ನು ಕೊಂಡು ತಂದು, "ಫ್ಯಾಕ್ಟ್ರೀಲೇ ಅರವತ್ಮೂರು ಹೆಚ್.ಪಿ. ಕಣೇ" ಎಂದಾಗ ನಾನು ಬಾಯಿ ತೆರೆದು ಬಾನೆಟ್ಟನ್ನೇ ನೋಡಿದೆ.

ಅಕ್ಕನದು ಸಸಿಗಳ ನರ್ಸರಿ. ಮೆಣಸಿನ ಬಳ್ಳಿ, ಸಿಲ್ವರ್ ಓಕ್ ಸಸಿಗಳನ್ನು ಲಿಂಗದಹಳ್ಳಿ ಆಚೆಯ ಬೆಟ್ಟದ ತೋಟಗಳಿಗೆ ತಾನೇ ಗಾಡಿ ಓಡಿಸಿಕೊಂಡು ಹೋಗಿ ಕೊಡುತ್ತಿದ್ದಳು. ಕಡೂರಿನಲ್ಲಿ ನನ್ನ ಟೈಲರಿಂಗ್ ಅಂಗಡಿಗೆ ರಜೆ ಇದ್ದ ದಿನ ನಾನೂ ಜೊತೆಗೆ ಹತ್ತುತ್ತಿದ್ದೆ.

ಆದರೆ ಅರವತ್ಮೂರು ಎಂಬ ಮಾತು ಬಯಲಿನಲ್ಲಿ ಮಾತ್ರ ನಿಜವೆನಿಸುತ್ತಿತ್ತು. ಬೆಟ್ಟದ ಏರು ಶುರುವಾದರೆ ಸಾಕು, ಗಾಡಿ ಎರಡನೇ ಗೇರಿಗೆ ಇಳಿದು, ಒಂದಕ್ಕೆ ಇಳಿದು, ದೊಡ್ಡ ತಿರುವಿನಲ್ಲಿ ನಿಂತೇಬಿಡುತ್ತಿತ್ತು. ಅಲ್ಲಿನ ಟೀ ಅಂಗಡಿಯವನು ಕಲ್ಲು ಹಿಡಿದು ಓಡಿಬಂದು ಚಕ್ರಕ್ಕೆ ಕೊಡುತ್ತಿದ್ದ. ಅರ್ಧ ಸಸಿ ಅಲ್ಲೇ ಇಳಿಸಿ, ಎರಡು ಸಲ ಹತ್ತಿಸಬೇಕಾಗುತ್ತಿತ್ತು.

"ಅಕ್ಕಾ, ನಿಮ್ಮ ಕುದ್ರೆಗಳೆಲ್ಲಾ ಮೇಯಕ್ಕೆ ಹೋಗವೆ" ಎಂದು ನಗುತ್ತಿದ್ದ.

ಮನೆಯಲ್ಲಿ ಭಾವನದೂ ಅದೇ ರಾಗ. "ಗುಜರಿಗೆ ಹಾಕೇ. ಈಗ ಬರೋ ಗಾಡಿಗಳ ಹೆಚ್.ಪಿ. ನೋಡು, ಇದು ಯಾವ ಲೆಕ್ಕ!"

ಅಕ್ಕ ಜಗ್ಗಲಿಲ್ಲ. "ಅಷ್ಟು ಶಕ್ತಿ ಇಟ್ಟೇ ಕಳಿಸವ್ರೆ ಅಂದ್ಮೇಲೆ ಎಲ್ಲೋ ಪೋಲಾಗ್ತಾ ಐತೆ. ಎಲ್ಲಿ ಅಂತ ತಿಳ್ಕೊಳ್ದೆ ನಾನು ಕೊಡಲ್ಲ."

ಕಡೂರಿನ ಮೆಕ್ಯಾನಿಕ್ ಇಂಜೆಕ್ಟರ್ ಬಿಚ್ಚಿ ತೊಳೆದ. ಏರ್ ಫಿಲ್ಟರ್ ಹೊಸದಾಯಿತು. ಹೊಗೆ ಕಡಿಮೆಯಾಯಿತೇ ಹೊರತು ತುಂಬಿದ ಗಾಡಿ ತಿರುವು ದಾಟಲಿಲ್ಲ. ಇಂಜಿನ್ ಚೆನ್ನಾಗೇ ಇದೆ, ವಯಸ್ಸಾಗಿದೆ ಅಷ್ಟೇ ಎಂದು ಅವನೂ ಕೈಚೆಲ್ಲಿದ.

ಒಮ್ಮೆ ಅಜ್ಜಂಪುರದ ಆಚೆ ಸಸಿ ಇಳಿಸಿ ಬರುವಾಗ ಬುಕ್ಕಾಂಬುಧಿ ಕೆರೆ ಏರಿಯ ಹತ್ತಿರ ನೀರು ಕುಡಿಯಲು ನಿಲ್ಲಿಸಿದೆವು. ಚಪ್ಪಲಿಗೆ ಸಿಕ್ಕಿದ್ದ ಕಲ್ಲು ತೆಗೆಯಲು ನಾನು ಹಿಂದಿನ ಚಕ್ರಕ್ಕೆ ಕೈಯೂರಿದೆ. ಅಂಗೈ ಚುರ್ರೆಂದಿತು.

"ಅಯ್ಯೋ! ಕಾದ ಹೆಂಚಾಗಿದೆ ಕಣಕ್ಕಾ!"

ಅಕ್ಕ ಬಾಟಲಿ ಹಿಡಿದೇ ಓಡಿಬಂದಳು. ಆ ಬದಿಯ ಚಕ್ರ ಮುಟ್ಟಿದಳು, ತಣ್ಣಗಿತ್ತು. ಈ ಬದಿಯದಕ್ಕೆ ನೀರು ಚಿಮುಕಿಸಿದಳು, ಸುಯ್ಯೆಂದು ಆವಿಯೆದ್ದಿತು. ಅವಳ ಮುಖ ಅರಳಿತು.

"ಸಿಕ್ತು ಕಣೇ! ಬ್ರೇಕು ಹಿಡ್ಕೊಂಡೇ ಕೂತೈತೆ. ಇಂಜಿನ್ ಎಳೀತೈತೆ, ಇದು ಬಿಡ್ತಿಲ್ಲ!"

ಮರುದಿನ ಆ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದಾಗ, ಬ್ರೇಕನ್ನು ಹಿಂದಕ್ಕೆಳೆಯುವ ಒಳಗಿನ ಸ್ಪ್ರಿಂಗ್ ತುಂಡಾಗಿತ್ತು. ಅಷ್ಟು ದಿನ ನಾವು ಬ್ರೇಕ್ ತುಳಿದುಕೊಂಡೇ ಬೆಟ್ಟ ಹತ್ತುತ್ತಿದ್ದೆವು! ಮೆಕ್ಯಾನಿಕ್ ಹೊಸ ಸ್ಪ್ರಿಂಗ್ ಹಾಕಿದ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ನಿಲ್ಲಲೊಲ್ಲದು.

ಮುಂದಿನ ಲೋಡಿಗೆ ಅಕ್ಕ ಬೇಕೆಂದೇ ಗಾಡಿ ತುಂಬ ಸಸಿ ಹೇರಿಸಿದಳು. ಏರು ಬಂತು. ಮೂರನೇ ಗೇರು. ಇಂಜಿನ್ ಗುಡುಗುತ್ತಿತ್ತು, ಆದರೆ ಒಂದಿಷ್ಟೂ ಸೋಲಲಿಲ್ಲ. ದೊಡ್ಡ ತಿರುವಿನಲ್ಲಿ ಅಂಗಡಿಯವನು ಎಂದಿನಂತೆ ಕಲ್ಲು ಹಿಡಿದು ಓಡಿಬಂದ. ಅಕ್ಕ ಉದ್ದಕ್ಕೆ ಹಾರ್ನ್ ಒತ್ತಿದಳು. ಅವನು ಕಲ್ಲು ಎಸೆದು ಎರಡೂ ಕೈ ಮೇಲೆತ್ತಿ, "ನಡೀಲಿ ಅಕ್ಕಾ, ನಡೀಲಿ!" ಎಂದು ಕೂಗಿದ. ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಗಂಟಲು ಹರಿಯುವಂತೆ ಕಿರುಚಿದೆ. ಅಕ್ಕ ಮಾತ್ರ ಸ್ಟಿಯರಿಂಗ್ ಬಿಗಿಹಿಡಿದು ಅಳುತ್ತ ನಗುತ್ತಿದ್ದಳು.

ಬೆಟ್ಟದ ಮೇಲೆ ತೋಟದ ಯಜಮಾನಿ ಒಲೆಯ ಮುಂದಿನಿಂದ ಎದ್ದು ಬಂದರು. "ಇಷ್ಟು ಬೇಗ ಬಂದ್ಬಿಟ್ರಾ? ಇನ್ನೂ ತಿಂಡೀನೇ ಆಗಿಲ್ಲ ಕಣ್ರಮ್ಮಾ."

"ಹಾಗಾದ್ರೆ ನಮಗೂ ಸೇರ್ಸಿ ಮಾಡಿ" ಎಂದಳು ಅಕ್ಕ, ಕೀಲಿ ತಿರುಗಿಸಿ ಇಳಿಯುತ್ತ.