ಒಂದು ವರ್ಷದ ಸೇವೆ: ಶೀಲಾವತಿ ಟೀಚರ್ ಅವರಿಗೆ ಗೌರವಾರ್ಪಣೆ

ಮುಂಬಯಿಯಲ್ಲಿ ಕಟ್ಟಡ ಕೆಲಸಕ್ಕೂ ಮನೆಗೆಲಸಕ್ಕೂ ಬಂದು ನೆಲೆಸಿದ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವರನ್ನು ನೆನೆಯುವಾಗ ಶ್ರೀಮತಿ ಶೀಲಾವತಿಯವರ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಘಾಟ್ಕೋಪರ್‌ನಲ್ಲಿ ಟ್ರಸ್ಟೊಂದು ನಡೆಸುವ ಕನ್ನಡ ಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಪಾಠ ಹೇಳಿ, ಪ್ರತಿ ಭಾನುವಾರ ಅದೇ ಶಾಲೆಯ ಕೋಣೆಯಲ್ಲಿ ದುಡಿಯುವ ಹೆಂಗಸರಿಗಾಗಿ ಪುಕ್ಕಟೆ ತರಗತಿ ನಡೆಸಿ, ಈ ವರ್ಷ ಅವರು ನಿವೃತ್ತರಾಗಿದ್ದಾರೆ.

ಅವರ ತಂದೆ ಸಿದ್ದಲಿಂಗಪ್ಪನವರು ಬಾಗಲಕೋಟೆಯ ಕಡೆಯಿಂದ ಬಂದು ಪವಾಯಿಯಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ಮಗಳ ಮೊದಲ ಸಂಬಳವೇ ತಮ್ಮ ದುಡಿಮೆಯನ್ನು ಮೀರಿದ್ದನ್ನು ಕಂಡು ಅವರು ಆ ನೋಟುಗಳನ್ನು ಮತ್ತೆ ಮತ್ತೆ ಎಣಿಸಿದ್ದರಂತೆ. ಓದಿದರೆ ಮನೆಯ ದಿಕ್ಕೇ ಬದಲಾಗುತ್ತದೆಂಬ ನಂಬಿಕೆ ಶೀಲಾವತಿಯವರಲ್ಲಿ ಬೇರೂರಿದ್ದು ಆಗಲೇ. ಓದು ಫಲ ಕೊಡುವ ತನಕ ಆ ಮನೆಯ ಹೊರೆ ಯಾರ ಹೆಗಲ ಮೇಲಿರುತ್ತದೆ ಎಂದು ಕೇಳಿಕೊಳ್ಳುವುದು ಮಾತ್ರ ಅವರಿಗೆ ಬಹುಕಾಲ ಹೊಳೆಯಲಿಲ್ಲ. ಈ ಮಾತನ್ನು ಇಲ್ಲಿ ಮುಚ್ಚಿಡಬಾರದೆಂದು ಅವರೇ ಕೇಳಿಕೊಂಡಿದ್ದಾರೆ.

ಭಾನುವಾರ ತಪ್ಪದೆ ಬರುತ್ತಿದ್ದವರಲ್ಲಿ ಜೈತುನಬಿ ಒಬ್ಬರು. ಗಂಡ ತೀರಿಕೊಂಡ ಮೇಲೆ ಪವಾಯಿಯ ಬಿಲ್ಡಿಂಗ್‌ಗಳಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆದು, ನೆಲ ಒರೆಸಿ ಮಗಳನ್ನು ಓದಿಸಿದವರು. ಒಂಬತ್ತು ವರ್ಷದ ಹಿಂದೆ ಮಗಳು ಗುಲಾಫಶಾ ಹನ್ನೆರಡನೆಯ ತರಗತಿ ಪಾಸಾದಾಗ ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ಅವಳು ಸೇರಿದರೆ ತಾಯಿ ಎರಡು ಮನೆಗಳನ್ನಾದರೂ ಬಿಡಬಹುದಿತ್ತು.

ಶೀಲಾವತಿಯವರು ತಡೆದರು. “ಪ್ಯಾಕಿಂಗ್‌ಗೆ ಹೋದ್ರ ಅಲ್ಲೇ ಉಳೀತೀ, ಗುಲಾಫಶಾ. ಒಂದು ವರ್ಷ ನಮ್ಮ ತರಗತಿಯೊಳಗ ಸೇವಾ ಮಾಡು, ಬಾಲವಾಡಿ ಕೋರ್ಸೂ ಮುಗಿಸು. ಆ ಅನುಭವ ನೋಡಿ ಟ್ರಸ್ಟಿನವ್ರು ಟೀಚರ್ ಕೆಲಸ ಕೊಡ್ತಾರ.”

ಹುಡುಗಿ ತಾಯಿಯ ಮುಖ ನೋಡಿದಳು. ಜೈತುನಬಿ ನಕ್ಕರು. “ಒಂದು ವರ್ಷ ಏನ್ ದೊಡ್ಡದ್ರೀ ಟೀಚರ್? ನಾನೇ ದುಡೀತೀನಿ. ನನ್ನ ಬೇಟಿ ಕುರ್ಚಿ ಮ್ಯಾಲ ಕೂಡಲಿ.”

ಆ ವರ್ಷ ಅವರು ಐದನೆಯ ಮನೆಯನ್ನೂ ಹಿಡಿದರು. ತರಗತಿಯಲ್ಲಿ ಅವರು ಏದುಸಿರು ಬಿಡುವುದನ್ನು ಶೀಲಾವತಿಯವರು ಕಂಡಿದ್ದರು. ಡಾಕ್ಟರಿಗೆ ತೋರಿಸಿ ಎಂದದ್ದೂ ಉಂಟು. ಹೇಳಿ, ಮತ್ತೆ ಕರಿಹಲಗೆಯ ಕಡೆ ತಿರುಗಿದ್ದರು. ಮಗಳ ಸೇವೆಯ ಹನ್ನೊಂದನೆಯ ತಿಂಗಳಲ್ಲಿ, ಲಿಫ್ಟ್ ಕೆಟ್ಟಿದ್ದ ಒಂದು ಬೆಳಿಗ್ಗೆ, ಜೈತುನಬಿ ಮೆಟ್ಟಿಲ ಮೇಲೆ ಕುಸಿದರು. ಹೃದಯ ಮೊದಲಿನಿಂದಲೂ ದುರ್ಬಲವಾಗಿತ್ತೆಂದು ಆಸ್ಪತ್ರೆಯಲ್ಲಿ ಹೇಳಿದರು. ಅವರು ಬದುಕಲಿಲ್ಲ. ಮೂರು ವಾರ ಕಳೆದು ಗುಲಾಫಶಾಳ ನೇಮಕದ ಪತ್ರ ಬಂತು.

ಆಮೇಲಿನ ಶೀಲಾವತಿಯವರು ಬೇರೆ. ಯಾವ ಹುಡುಗಿಗೂ ಅವಳ ಮನೆಗೆ ಹೋಗಿ ಕುಳಿತು ನೋಡದೆ ಬುದ್ಧಿ ಹೇಳಲಿಲ್ಲ. ಬಡ ಸ್ವಯಂಸೇವಕಿಯರಿಗೆ ಗೌರವಧನ ಬೇಕೆಂದು ಟ್ರಸ್ಟಿನ ಬಾಗಿಲು ಬಡಿದರು. “ದುಡ್ಡು ಕೊಟ್ಟರೆ ಅದು ಸೇವೆ ಹೇಗಾದೀತು?” ಎಂದು ಅಧ್ಯಕ್ಷರು ಕೇಳಿದಾಗ, “ಹೊಟ್ಟಿ ತುಂಬಿದವ್ರು ಪುಕ್ಕಟೆ ಮಾಡ್ಲಿ ಸರ್. ಈ ಹುಡುಗ್ಯಾರು ನಮ್ಮಲ್ಲಿ ಬಂದು ಕುಂತ್ರ ಅವ್ರ ಮನ್ಯಾಗ ಮತ್ತೊಬ್ಬರ ಜೀವ ಸವೀತದ” ಎಂದರು. ಎರಡು ವರ್ಷದ ಮೇಲೆ ಅದು ಮಂಜೂರಾಯಿತು; ಅಲ್ಲಿಯವರೆಗೆ ತಮ್ಮ ಸಂಬಳದಿಂದಲೇ ಇಬ್ಬರಿಗೆ ಕೊಟ್ಟರು. ಬೇರೆ ಉಪನಗರದ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗುವ ಬಡ್ತಿ ಬಂದಾಗ, ಭಾನುವಾರದ ತರಗತಿ ನಿಂತೀತೆಂದು ಬೇಡವೆಂದರು.

ಬೀಳ್ಕೊಡುಗೆಯ ದಿನ ಗುಲಾಫಶಾ ಬಂದಿದ್ದಳು. ಈಗ ಅವಳು ಟ್ರಸ್ಟಿನ ಮೂರು ಬಾಲವಾಡಿಗಳ ಮೇಲ್ವಿಚಾರಕಿ. ಜನ ಚದುರಿದ ಮೇಲೆ ಶೀಲಾವತಿಯವರು ಇಷ್ಟು ವರ್ಷ ಕೇಳದೇ ಉಳಿದಿದ್ದ ಮಾತನ್ನು ಕೇಳಿದರು: “ನಾ ಅವತ್ತು ಸುಮ್ನಿರಬೇಕಿತ್ತೇನವಾ?”

ಗುಲಾಫಶಾ ಅವರ ಕಡೆ ತಿರುಗಿದಳು. “ಪ್ಯಾಕಿಂಗ್‌ಗೆ ಹೋಗಿದ್ರ ಇವತ್ತೂ ಅಲ್ಲೇ ಇರ್ತಿದ್ದೆ ಟೀಚರ್. ನೀವು ಹೇಳಿದ್ದು ಖರೇ ಆಯ್ತು. ಅಮ್ಮೀ ಇರ್ತಿದ್ಲೋ ಏನೋ, ಅದೂ ಖರೇ. ಎರಡರಾಗ ಒಂದನ್ನ ಹ್ಯಾಂಗ ಅಳಿಸ್ಲಿ?”

ಶೀಲಾವತಿಯವರು ಕ್ಷಮೆ ಕೇಳಲಿಲ್ಲ. ಅವಳು ಸಮಾಧಾನ ಹೇಳಲಿಲ್ಲ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೈ ಹಿಡಿದು ಕುಳಿತರು.

ಶಾಲೆಯಿಂದ ನಿವೃತ್ತರಾದರೂ ಭಾನುವಾರದ ತರಗತಿಯನ್ನು ಟೀಚರ್ ಬಿಟ್ಟಿಲ್ಲ; ಬರುವ ಭಾನುವಾರ ಹನ್ನೊಂದು ಹೆಂಗಸರು ಹೊಸದಾಗಿ ಸೇರುತ್ತಿದ್ದಾರೆ. ಅವರೆಲ್ಲರ ಕೈ ತಿದ್ದುವಷ್ಟು ಆಯುಸ್ಸು, ಕಣ್ಣಿಗೆ ಬೆಳಕು, ಕಾಲಿಗೆ ಕಸುವು ಟೀಚರ್ ಅವರಿಗಿರಲಿ. ಎದೆಯ ಭಾರ ಪೂರ್ತಿ ಇಳಿಯಲೆಂದು ಹಾರೈಸಿದರೆ ಅವರೇ ಒಪ್ಪಲಾರರು. ಅದನ್ನು ಹೊತ್ತು ನಡೆಯುವಾಗ ಜೊತೆಗೊಬ್ಬರು ಇರಲಿ.