ಎಡಗೈಯ ಕೆಳಗೊಂದು ಕೈ

ಇವತ್ತು ಔರಾದಿನ ಒಂದು ಮನೆಗೆ ಅಜ್ಜಿಯೊಬ್ಬರಿಗೆ ವ್ಯಾಯಾಮ ಮಾಡಿಸಲು ಹೋದೆ. ಹೊಸ್ತಿಲಲ್ಲೇ ವಿಭೂತಿಯ ವಾಸನೆ. ಬಂದದ್ದೇ ತಡ, ಕಣ್ಣು ಕೈಗಡಿಯಾರಕ್ಕೆ ಹೋಯಿತು. ಅವಸರ ನನ್ನ ಹುಟ್ಟುರೋಗ. "ನಿನಗ ಕಾಲಾಗ ಗಾಲಿ ಕಟ್ಟಿ ಹಡದೀನೇನು ನಾ?" ಎಂದು ಅವ್ವ ಬೈಯುತ್ತಿದ್ದಳು. ವಿಭೂತಿಗೂ ಗಡಿಯಾರಕ್ಕೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ.

ಆಗ ನನ್ನದು ಫಿಸಿಯೋಥೆರಪಿ ಓದಿನ ಕೊನೆಯ ವರ್ಷ. ಬೀದರಿನ ಒಂದು ಆಸ್ಪತ್ರೆಯಲ್ಲಿ ಲಕ್ವಾ ಹೊಡೆದವರ ವಾರ್ಡಿನಲ್ಲಿ ನನಗೆ ಆರು ವಾರದ ಕೆಲಸ. ದಿನಾ ಭಾಲ್ಕಿಯಿಂದ ಬಸ್ಸು. ಅಲ್ಲಿ ಒಬ್ಬ ರೋಗಿ ಇದ್ದರು, ಖಟಕ ಚಿಂಚೋಳಿಯ ಬಟ್ಟೆ ಅಂಗಡಿಯವರು; ನನಗೆ ಅವರು ಕಾಕಾ. ಎಡಗೈ ಮುಷ್ಟಿ ಬಿಗಿದುಬಿಟ್ಟಿತ್ತು. ಹಿಚುಕಲಿ ಎಂದು ಸ್ಪಂಜಿನ ಚೆಂಡು ಕೊಟ್ಟೆ. ಬಲಗೈಯಿಂದ ಎತ್ತಿ ಎಸೆದರು.

"ನಾ ಏನ್ ಕೂಸೇನ್ರಿ, ಚೆಂಡಾಟ ಆಡ್ಲಿಕ್ಕ?"

ಅವರ ಹೆಂಡತಿ ಕಾಕು ನನ್ನನ್ನು ಪಕ್ಕಕ್ಕೆ ಕರೆದರು. "ತಪ್ಪು ತಿಳಕೋಬ್ಯಾಡವ್ವ. ಎಡಗೈಯಾಗ ಇಷ್ಟಲಿಂಗ ನಿಲ್ಲವಲ್ದು. ಪೂಜಿ ಇಲ್ದೆ ಅವರಿಗಿ ತುತ್ತು ಇಳಿಯಂಗಿಲ್ಲ."

"ಬಲಗೈಯಾಗ ಹಿಡಕೊಂಡ್ರ ಆಗಲ್ಲೇನ್ರಿ?" ಎಂದೆ. ನಮ್ಮಜ್ಜಿಯ ಲಿಂಗಪೂಜೆ ನೋಡಿಯೇ ಬೆಳೆದವಳು ನಾನು, ಕೇಳಿದ ಪ್ರಶ್ನೆ ನೋಡಿ!

"ಹಂಗಾದ್ರ ಪತ್ರಿ ಯಾವ ಕೈಲೆ ಏರಸ್ಬೇಕು?" ಎಂದು ಕಾಕು ನಕ್ಕರು.

ಮರುದಿನದಿಂದ ಚೆಂಡು ಬಿಟ್ಟು ಲಿಂಗದಷ್ಟೇ ದಪ್ಪದ ನಿಂಬೆಹಣ್ಣು. ಅಂಗೈ ಬಿಚ್ಚಿಸುವುದು, ಹಣ್ಣಿಡುವುದು, ಅದು ಬೀಳುವವರೆಗೆ ಎಣಿಸುವುದು. ಐದು, ಎಂಟು, ಇಪ್ಪತ್ತು. ನಾನು ಬರುವ ಮೊದಲೇ ಕಾಕಾ ಎದ್ದು ಕೂತಿರುತ್ತಿದ್ದರು. ನನಗಂತೂ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ನನ್ನ ಕೊನೆಯ ದಿನ ಬಂದೇಬಿಟ್ಟಿತು. ಅವರ ಪೂಜೆ ಕಣ್ಣಾರೆ ನೋಡಬೇಕು, ವರದಿಯಲ್ಲೂ ಬರೆಯಬೇಕು. "ಇವತ್ತೇ ಲಿಂಗ ಹಿಡೀರಿ ಕಾಕಾ" ಎಂದೆ. "ಇನ್ನೊಂದು ವಾರ ಹೋಗ್ಲಿ" ಎಂದರು ಕಾಕು. ನಾನು ಕೇಳಬೇಕಲ್ಲ!

ಕಾಕಾ ವಿಭೂತಿ ಹಚ್ಚಿಕೊಂಡು ಲಿಂಗವನ್ನು ಎಡ ಅಂಗೈಯಲ್ಲಿಟ್ಟರು. ಕಾಕು ಅದರ ಕೆಳಗೆ, ಮುಟ್ಟದಂತೆ, ತಮ್ಮ ಅಂಗೈ ಒಡ್ಡಿದರು.

"ಕೈ ತೆಗೀರಿ ಕಾಕು. ಆಸರಾ ಕೊಟ್ರ ಅವರ ಕೈ ಕಲಿಯಂಗಿಲ್ಲ." ಪುಸ್ತಕದ ಮಾತು. ತೆಗೆದರು. ಬೆರಳು ನಡುಗಿದವು, ಲಿಂಗ ಜಾರಿತು. ಕಾಕು ಸೆರಗೊಡ್ಡಿ ಹಿಡಿಯದಿದ್ದರೆ ನೆಲಕ್ಕೇ ಬೀಳುತ್ತಿತ್ತು.

ಕಾಕಾ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಮುಷ್ಟಿಯಾದ ಕೈ ನೋಡುತ್ತ, "ನಿನಗ ಬಸ್ಸಿಗಿ ಹೊತ್ತಾಯ್ತೇನವ್ವ?" ಎಂದರು. ಹೌದೆಂದು ಓಡಿಬಂದೆ. ಭಾಲ್ಕಿಗೆ ಬಸ್ಸಿಗೇನು ಬರವೇ? ಆಮೇಲೆ ಅವರ ಪೂಜೆ ಆಯಿತೋ ಇಲ್ಲವೋ, ಕೇಳುವ ಧೈರ್ಯವಾಗಲಿಲ್ಲ. ಅಂದಿನಿಂದ ವಿಭೂತಿಯ ವಾಸನೆ ಬಂದರೆ ಸಾಕು, ಕಣ್ಣು ಗಡಿಯಾರಕ್ಕೆ ಹೋಗುತ್ತದೆ.

ಇವತ್ತು ಈ ಅಜ್ಜಿ ನಡುಗುವ ಕೈಯಲ್ಲಿ ನೀರಿನ ಲೋಟ ಎತ್ತಿದರು. ಸೊಸೆ ಕೆಳಗೆ ಕೈ ಒಡ್ಡಿದಳು. "ಕೈ ತೆಗೀರಿ" ಎಂಬುದು ನಾಲಿಗೆಯ ತುದಿಗೆ ಬಂತು, ನುಂಗಿದೆ. ಗಡಿಯಾರ ಬಿಚ್ಚಿ ಬ್ಯಾಗಿಗೆ ಹಾಕಿ, ಅವಳ ಕೈಯ ಪಕ್ಕ ನನ್ನದನ್ನೂ ಒಡ್ಡಿದೆ.

"ಸಾವಕಾಶ ಕುಡೀರಿ ಅಜ್ಜಿ."

"ನಿಮ್ಮ ಬಸ್ಸು ಹೋಗ್ತದಲ್ರೀ ಅಕ್ಕಾ?" ಎಂದಳು ಸೊಸೆ.

"ಹೋಗ್ಲಿ ಬಿಡ್ರಿ" ಎಂದೆ. ನಾಳೆ ರಜೆ. ಖಟಕ ಚಿಂಚೋಳಿಯ ಬಸ್ಸು ಹಿಡಿದು, ಆ ಬಟ್ಟೆ ಅಂಗಡಿ ಎಲ್ಲಿದೆ ಎಂದು ಕೇಳಬೇಕು.